ಗಂಟೆ ಕಟ್ಟಿಕೊಂಡವರ ನವೆ

ಎಲ್ಲ ಶುರುವಾದದ್ದು ಒಂದು ಗುಳ್ಳೆಯಿಂದ. ಬಲಗೈಯ ಕಿರುಬೆರಳಿಗೂ ಉಂಗುರದ ಬೆರಳಿಗೂ ನಡುವಿನ ಸಂದಿಯಲ್ಲಿ, ಸಾಸಿವೆ ಕಾಳಿನಷ್ಟು. ಬ್ರೆಸ್ತಾಕ್ ಊರಿನಲ್ಲಿ ಮನೆಮನೆಗೆ ಹೋಗಿ ನೀರಿನ ಮೀಟರ್ ನೋಡುವ ವೆಲಿಚ್ಕೊ ಅದನ್ನು ಮೊದಲ ಸಲ ಕೆರೆದುಕೊಂಡಾಗ ಅವನಿಗೆ ಸುಖವೇ ಆಗಿತ್ತು. ನವೆ ಹೊಸ ನೆಂಟನಿದ್ದ ಹಾಗೆ. ಬಂದ ದಿನ ಸಂತೋಷ. ಆಮೇಲೆ ನೋಡಿದರೆ ಅವನು ಹೊರಡುವ ಮಾತೇ ಎತ್ತುವುದಿಲ್ಲ, ತನ್ನ ಕಡೆಯವರನ್ನೆಲ್ಲ ಕರೆಸಿಕೊಳ್ಳುತ್ತಾನೆ. ಕೆಲವೇ ದಿನಗಳಲ್ಲಿ ಅದು ಮಣಿಕಟ್ಟಿಗೆ ಬಂತು, ಕಂಕುಳಿಗೆ ಹೋಯಿತು, ಹೊಕ್ಕಳಿಗೆ ಪ್ರದಕ್ಷಿಣೆ ಹಾಕಿತು, ಕೊನೆಗೆ ನಾಲ್ಕು ಜನರೆದುರು ಕೆರೆದುಕೊಳ್ಳಲಾಗದ ಜಾಗದಲ್ಲಿ ಬಿಡಾರ ಹೂಡಿತು.

ಬ್ರೆಸ್ತಾಕ್‌ನಲ್ಲಿ ವೈದ್ಯರಿಲ್ಲ. ಹಾಗಾಗಿ ಅಲ್ಲಿ ಎಲ್ಲರೂ ವೈದ್ಯರು.

"ಆಡಿನ ಕೂದಲು ಕಣಯ್ಯ," ಎಂದಳು ಹೆಂಡತಿ ದೋನ್ಕಾ. "ಹಬ್ಬದ ಕುಣಿತದ ಅಭ್ಯಾಸ ಅಂತ ತಿಂಗಳುಗಟ್ಟಲೆ ಆ ವೇಷ ಹಾಕ್ಕೊಂಡು ಕುಣೀತಿದ್ರೆ ಮೈ ತುರಿಸದೆ ಇನ್ನೇನು ಹಾಡುತ್ತಾ?"

"ಕೂದಲಲ್ಲ, ಯಕೃತ್ತು," ಎಂದಳು ಪಕ್ಕದ ಮನೆಯ ಗಿನಾ ಚಿಕ್ಕಮ್ಮ. ಬೇಲಿಯ ಆಚೆಯಿಂದಲೇ ಅವಳಿಗೆ ಅವನ ಯಕೃತ್ತು ಕಂಡಿತ್ತು. ಅಕ್ರೋಟ್ ಮರದ ಎಲೆ ಕುದಿಸಿದ ನೀರನ್ನು ಒಂದು ಹಂಡೆ ತಂದು, "ಇದರಲ್ಲಿ ಮುಳುಗು," ಎಂದಳು. ವೆಲಿಚ್ಕೊ ಮುಳುಗಿದ. ನವೆ ಹೋಗಲಿಲ್ಲ, ಮೈಬಣ್ಣ ಹೋಯಿತು. ಎರಡು ವಾರ ಅವನು ಹಳೇ ಬೀರುವಿನ ಬಣ್ಣದಲ್ಲಿ ಊರೆಲ್ಲ ಓಡಾಡಿದ.

"ಇದು ನರದ ಕಾಯಿಲೆ," ಎಂದ ನೀರಿನ ಕಚೇರಿಯ ಜೊತೆಗಾರ ಅಸೆನ್. "ನೀನು ಯೋಚನೆ ಜಾಸ್ತಿ ಮಾಡ್ತೀಯ. ಒಳಗೆ ಹೋಗೋ ಯೋಚನೆ ಚರ್ಮದಲ್ಲಿ ಹೊರಗೆ ಬರುತ್ತೆ. ರಕಿಯಾ ತಗೊಂಡು ಅರ್ಧ ಕುಡಿ, ಅರ್ಧ ಮೈಗೆ ತಿಕ್ಕು." ವೆಲಿಚ್ಕೊ ಅವಸರದಲ್ಲಿ ಮೊದಲು ತಿಕ್ಕಿಕೊಂಡ. ಕೆರೆದು ಕೆರೆದು ಕೆಂಪಾದ ಚರ್ಮದ ಮೇಲೆ ಆ ಹಣ್ಣಿನ ಸಾರಾಯಿ ಬಿದ್ದಾಗ ಅವನು ಹಾಕಿದ ಕೂಗಿಗೆ ಗಿನಾ ಚಿಕ್ಕಮ್ಮನ ಕೋಳಿಗಳು ಮೊಟ್ಟೆ ಇಡುವುದನ್ನೇ ಕೆಲವು ದಿನ ಮರೆತವು.

ಕೊನೆಯ ತೀರ್ಪು ಕೊಲ್ಯೊ ತಾತನದು. ವೆಲಿಚ್ಕೊನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ತಿರುಗಿಸಿ, ಮೂಸಿ ನೋಡಿ, ತಾತ ಹೆಮ್ಮೆಯಿಂದ ಹೇಳಿದ: "ಸೋರಿಯಾಸಿಸ್. ನಂದೇ ಥರದ್ದು. ನಂದು ಸ್ವಲ್ಪ ಮೇಲ್ದರ್ಜೆದು, ನಿಂದು ಇನ್ನೂ ಎಳಸು."

ಕೊಲ್ಯೊ ತಾತನ ಸೋರಿಯಾಸಿಸ್ ಊರಿನ ಆಸ್ತಿ. ರಾಜಧಾನಿಯಲ್ಲಿ ಮೂವರು ಪ್ರೊಫೆಸರುಗಳು ನೋಡಿದ್ದ ಕಾಯಿಲೆ ಅದು. ಅವನ ಅಂಗೈ ಹಳೇ ಓಕ್ ಮರದ ತೊಗಟೆಯಂತೆ ದಪ್ಪಗಟ್ಟಿತ್ತು. ಅವನು ಎದ್ದು ಹೋದ ಕುರ್ಚಿಯ ಮೇಲೆ ಹಿಟ್ಟು ಉದುರಿದಂತೆ ಹೊಟ್ಟು ಬಿದ್ದಿರುತ್ತಿತ್ತು. ಜನ ಅದನ್ನು ಗೌರವದಿಂದ ಒರೆಸಿ ಕೂರುತ್ತಿದ್ದರು. ತಾತ ತನ್ನ ಮುಲಾಮಿನ ಡಬ್ಬಿ ತೆಗೆದು, ತನ್ನದೇ ಬೆರಳಿನಿಂದ ವೆಲಿಚ್ಕೊನಿಗೆ ಹಚ್ಚಿದ. ಎರಡು ದಿನ ನವೆ ಮಲಗಿತು. ಮೂರನೆಯ ದಿನ, ಚೆನ್ನಾಗಿ ನಿದ್ದೆ ಮಾಡಿ ಹಸಿದೆದ್ದವರಂತೆ, ದುಪ್ಪಟ್ಟಾಗಿ ಎದ್ದಿತು.

ಹೀಗೆ ಬಂತು, ಚಳಿಗಾಲದ ಕೊನೆಗೆ ಚರ್ಚಿನವರು ಹಿಡಿಯುವ ದೊಡ್ಡ ಉಪವಾಸಕ್ಕೆ ಮುಂಚಿನ ಭಾನುವಾರ. ಕುಕೆರಿ ವೇಷದವರು ಕುಣಿಯುವ ದಿನ.

ಅಂದು ಗಂಡಸರು ಉದ್ದಕೂದಲಿನ ಆಡಿನ ಚರ್ಮ ಹೊದ್ದು, ಮರದ ಮುಖವಾಡ ಹಾಕಿ, ಸೊಂಟದ ಸುತ್ತ ದನದ ಗಂಟೆಗಳನ್ನು ಕಟ್ಟಿಕೊಂಡು ಚೌಕದಲ್ಲಿ ನೆಗೆಯುತ್ತಾರೆ. ಚಳಿಗಾಲವೂ ಅದರ ಜೊತೆಗಿರುವ ಕೆಟ್ಟದ್ದೆಲ್ಲವೂ ಹೆದರಿ ಓಡಬೇಕು. ನೆಗೆತ ಎತ್ತರವಿದ್ದಷ್ಟೂ ಗೋಧಿ ಎತ್ತರ. ವೆಲಿಚ್ಕೊ ಹರೆಯದಿಂದಲೂ ಆ ಸಾಲಿನ ಕಟ್ಟಕಡೆಯವನು. ಅವನು ನೆಗೆದರೆ ಗಾಡಿಯಿಂದ ಆಲೂಗಡ್ಡೆ ಮೂಟೆ ಇಳಿಸಿದಂತಿರುತ್ತದೆ ಎಂದು ಊರೇ ಹೇಳುತ್ತಿತ್ತು. 'ಬಾಲ' ಎಂಬುದು ಅವನ ಅಡ್ಡಹೆಸರು. ಸಾಲಿನ ಮುಂದಾಳು ಯಾವತ್ತೂ ಕೊಲ್ಯೊ ತಾತನೇ. ಆದರೆ ಈ ವರ್ಷ ತಾತನ ಹಿಮ್ಮಡಿಗಳು ಬಿರುಕುಬಿಟ್ಟು, ನೆಲಕ್ಕೆ ಕಾಲೂರುವುದೇ ಕಷ್ಟವಾಗಿತ್ತು. ಮುಂದಾಳಿನ ವೇಷ ಬಹಳ ದೊಡ್ಡದು. ಉಳಿದವರು ಅದರೊಳಗೆ ಕಳೆದುಹೋದರು. ಹೊಟ್ಟೆಯ ದೆಸೆಯಿಂದ ಅದು ಸರಿಹೊಂದಿದ್ದು ವೆಲಿಚ್ಕೊನಿಗೆ ಮಾತ್ರ, ಹಾಗಾಗಿ ಈ ಸಲ ಅವನೇ ಮುಂದಾಳು.

ಆ ದಿನ ಸುತ್ತಲಿನ ಊರುಗಳ ಮೇಳಗಳಿಗೆ ಸ್ಪರ್ಧೆಯೂ ಉಂಟು. ಅದರಲ್ಲಿ ಗೆದ್ದ ಮೇಳದ ಮುಂದಾಳಿನ ಸೊಂಟಕ್ಕೆ ತಾಮ್ರದ ಗಂಟೆಯೊಂದನ್ನು ಕಟ್ಟುತ್ತಾರೆ. ಅದನ್ನು ಕಟ್ಟಿಸಿಕೊಂಡವನು ಕಾಲಿನಲ್ಲಿ ಶಕ್ತಿ ಇರುವ ತನಕ ಮುಂದಾಳು. ಆ ಗಂಟೆ ಬಂದರೆ ವೆಲಿಚ್ಕೊ ಇನ್ನೆಂದಿಗೂ ಬಾಲವಲ್ಲ. ಅವನು ಬಾಯಿಬಿಟ್ಟು ಇದನ್ನು ಯಾರಿಗೂ ಹೇಳಿರಲಿಲ್ಲ. ಆದರೆ ಮೀಟರ್ ನೋಡಲು ಬಗ್ಗಿದಾಗಲೆಲ್ಲ, ಯಾರದೋ ನೆಲಮಾಳಿಗೆಯ ಕತ್ತಲಿನಲ್ಲಿ, ಅವನ ಕಿವಿಗೆ ಅದರ ದನಿ ಕೇಳುತ್ತಿತ್ತು.

ಬೆಳಿಗ್ಗೆ ಮೇಳವೆಲ್ಲ ಕೊಲ್ಯೊ ತಾತನ ಮನೆಯಲ್ಲಿ ಸೇರಿತು. ವೇಷಗಳು ಇರುವುದು ಅಲ್ಲೇ. ಅವನ್ನು ಒಗೆಯುವ ಪದ್ಧತಿಯಿಲ್ಲ. ಒಗೆದರೆ ಬಲ ಹೋಗುತ್ತದೆ. ಚಳಿಗಾಲವೆಲ್ಲ ತಾತ ಒಲೆಯ ಪಕ್ಕದಲ್ಲಿ ಅವನ್ನೇ ಹೊದ್ದು ಮಲಗುತ್ತಾನೆ, ಬಲ ಇಳಿಯದಿರಲಿ ಎಂದು. ಹಿರಿಯನ ಕೈ ಕಟ್ಟಿದ ಗಂಟೆಗೆ ಮಾತ್ರ ಕೆಟ್ಟದ್ದನ್ನು ಓಡಿಸುವ ಶಕ್ತಿ ಇದೆಯಾದ್ದರಿಂದ, ಅಭ್ಯಾಸ ಶುರುವಾದ ದಿನದಿಂದಲೂ ತಾತ ಒಬ್ಬೊಬ್ಬರಿಗೂ ಚರ್ಮ ಹೊದಿಸಿ, ಪಟ್ಟಿ ಬಿಗಿದು, ಕೆನ್ನೆಗೆ ಕೆನ್ನೆ ಉಜ್ಜಿ ಹರಸುತ್ತಿದ್ದ.

"ನೆಟ್ಟಗೆ ನಿಲ್ಲೋ ಬಾಲ. ಯಾಕೋ ಹೀಗೆ ಎರೆಹುಳದ ಥರ ಒದ್ದಾಡ್ತೀಯ?"

"ತಾತ, ತಡಿಯಕ್ಕಾಗ್ತಿಲ್ಲ."

"ನನಗೆ ನೋಡು, ಇಷ್ಟಿದ್ರೂ ಒಂಚೂರೂ ತುರಿಸಲ್ಲ. ಕಾಯಿಲೆಯನ್ನ ಗಂಡಸಿನ ಥರ ಇಟ್ಕೋಬೇಕು."

ಚೌಕದ ಮೂಲೆಯಲ್ಲಿ ಪ್ರಥಮ ಚಿಕಿತ್ಸೆಯ ಡೇರೆ ಹಾಕಿದ್ದರು. ಕಾಲು ಉಳುಕಿದವರಿಗೆಂದು ಪಟ್ಟಣದಿಂದ ಬಂದಿದ್ದ ಡಾಕ್ಟರ್ ರಾಲಿತ್ಸಾ ಚರ್ಮದ ವೈದ್ಯೆ ಎಂದು ಯಾರೋ ಹೇಳಿದರು. ಬ್ರೆಸ್ತಾಕ್ ಮೇಳದ ಸರದಿಗೆ ಇನ್ನೂ ಹೊತ್ತಿತ್ತು. ವೆಲಿಚ್ಕೊ ಮುಖವಾಡವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಗಂಟೆ ಸದ್ದಾಗದಂತೆ ಕಳ್ಳಹೆಜ್ಜೆ ಹಾಕುತ್ತ ಹೋದ. ಮೈತುಂಬ ದನದ ಗಂಟೆ ಕಟ್ಟಿಕೊಂಡು ಕಳ್ಳಹೆಜ್ಜೆ ಹಾಕುವುದು ಎಷ್ಟರ ಮಟ್ಟಿಗೆ ಸಾಧ್ಯವೋ ಅಷ್ಟರ ಮಟ್ಟಿಗೆ.

ಡಾಕ್ಟರ್ ಅವನ ತೋಳು ನೋಡಿ ಹುಬ್ಬೇರಿಸಿದರು. "ಈ ಬಣ್ಣ ಏನು?"

"ಅಕ್ರೋಟ್ ಎಲೆ."

"ಈ ವಾಸನೆ?"

"ರಕಿಯಾ. ಅದು ನರಕ್ಕೆ."

"ಮತ್ತೆ ಈ ಜಿಡ್ಡು?"

"ಸೋರಿಯಾಸಿಸ್ ಮುಲಾಮು, ಡಾಕ್ಟ್ರೇ."

"ಒಬ್ಬ ಮನುಷ್ಯನ ಮೇಲೆ ಇಡೀ ಊರಿನ ಔಷಧಿ," ಎಂದು ಅವರು ಭೂತಗನ್ನಡಿಯಂಥದೊಂದನ್ನು ಅವನ ಬೆರಳ ಸಂದಿಗೆ ಹಿಡಿದರು. "ತುರಿಕೆ ಯಾವಾಗ ಜಾಸ್ತಿ?"

"ಹಾಸಿಗೆಗೆ ಬಿದ್ದ ತಕ್ಷಣ ಮೆರವಣಿಗೆ ಹೊರಡುತ್ತೆ."

"ಮನೆಯಲ್ಲಿ ಬೇರೆ ಯಾರಿಗಾದ್ರೂ ಇದೆಯಾ?"

"ಹೆಂಡ್ತಿಗೆ ಒಂಚೂರು. ಅದು ಬೇರೆ, ಸೋಪಿನ ಪುಡಿ ಬದಲಾಯಿಸಿದ್ಳು, ಅದಕ್ಕೆ."

ಡಾಕ್ಟರ್ ನಕ್ಕರು. "ಇಲ್ಲಿ ಬಗ್ಗಿ ನೋಡಿ. ಸಣ್ಣ ಗೆರೆ ಕಾಣ್ತಾ? ಪೆನ್ಸಿಲಿನಲ್ಲಿ ಎಳೆದ ಹಾಗೆ? ಅದು ಬಿಲ. ತುದಿಯಲ್ಲಿ ಕಪ್ಪು ಚುಕ್ಕೆ ಇದೆಯಲ್ಲ, ಅದೇ ಹುಳ. ಇದು ಕಜ್ಜಿ."

ವೆಲಿಚ್ಕೊನ ಗಂಟೆಗಳೆಲ್ಲ ಒಮ್ಮೆ ಝಣ್ ಎಂದವು. "ಕಜ್ಜಿನಾ? ನಾನು ದಿನಾ ಸ್ನಾನ ಮಾಡ್ತೀನಿ! ನೀರಿನ ಇಲಾಖೆಯವನು ನಾನು!"

"ಹುಳಕ್ಕೆ ನಿಮ್ಮ ಇಲಾಖೆ ಗೊತ್ತಿಲ್ಲ. ಮೈಗೆ ಮೈ ತಾಗಿದ್ರೆ ಸಾಕು, ರಾಜನಿಗೂ ಬರುತ್ತೆ. ಹೆದರಬೇಡಿ, ವಾಸಿಯಾಗೋ ಕಾಯಿಲೆ. ಇವತ್ತು ಈ ಕ್ರೀಮನ್ನ ಕತ್ತಿನಿಂದ ಅಂಗಾಲಿನ ತನಕ ಒಂದು ಬೆರಳಗಲವೂ ಬಿಡದೆ ಹಚ್ಚಿ, ಬೆಳಿಗ್ಗೆ ತೊಳೀರಿ. ವಾರ ಬಿಟ್ಟು ಇನ್ನೊಂದು ಸಲ. ಮನೆಯವರೆಲ್ಲ ಒಂದೇ ದಿನ ಹಚ್ಕೋಬೇಕು. ಬಟ್ಟೆ, ಹಾಸಿಗೆ ಬಿಸಿನೀರಿಗೆ ಹಾಕಿ. ಆ ಸೋರಿಯಾಸಿಸ್ ಮುಲಾಮನ್ನ ಮಾತ್ರ ಬಿಸಾಕಿ. ಅದು ಹುಳಕ್ಕೆ ಹಾಸಿಗೆ ಹಾಸಿಕೊಟ್ಟಿದೆ."

"ಸರಿ."

"ಇನ್ನೊಂದು ಮಾತು. ನಿಮಗೆ ಇದು ಯಾರಿಂದಲೋ ಬಂದಿದೆ. ಅವರನ್ನ ಹುಡುಕದೆ ಹೋದ್ರೆ ಮತ್ತೆ ಬರುತ್ತೆ. ಅಲ್ಲೀತನಕ ಯಾರ ಕೈಯನ್ನೂ ಹಿಡೀಬೇಡಿ, ಯಾರನ್ನೂ ಅಪ್ಪಬೇಡಿ."

"ಕುಣೀಬಹುದಾ?"

"ಒಬ್ಬರೇ ಕುಣೀರಿ."

ವೆಲಿಚ್ಕೊ ಡೇರೆಯಿಂದ ಹೊರಗೆ ಬಂದು ನಿಂತ. ಇಡೀ ವರ್ಷದಲ್ಲಿ ಬ್ರೆಸ್ತಾಕ್ ಜನ ಒಬ್ಬರನ್ನೊಬ್ಬರು ಅತಿ ಹೆಚ್ಚು ಅಪ್ಪಿಕೊಳ್ಳುವ ದಿನ ಅದು. ಎದುರಿಗೇ ಮೇಯರ್ ಬೊಗೊಮಿಲ್ ಎರಡೂ ತೋಳು ಚಾಚಿಕೊಂಡು ಬರುತ್ತಿದ್ದ. ವೆಲಿಚ್ಕೊ ಕೈಗಳನ್ನು ಆಡಿನ ಕೂದಲೊಳಗೆ ಹುದುಗಿಸಿ, ಸೊಂಟದ ತನಕ ಬಾಗಿ ನಮಸ್ಕರಿಸಿ, ಬಾಗಿದ ಭಂಗಿಯಲ್ಲೇ ಪಕ್ಕಕ್ಕೆ ಜಾರಿದ. ಮೇಯರ್ ಗಾಳಿಯನ್ನು ಅಪ್ಪಿಕೊಂಡ.

ಗಿನಾ ಚಿಕ್ಕಮ್ಮ ಬಿಸಿ ಬಾನಿತ್ಸಾದ ಒಂದು ತುಂಡು ಹಿಡಿದು ಅವನ ಬಾಯಿಗೆ ತುರುಕಲು ಬಂದಳು. ಅವನು ಥಟ್ಟನೆ ಮುಖವಾಡ ಹಾಕಿಕೊಂಡ. ಚೀಸು ಸುರಿಯುವ ಆ ಕಜ್ಜಾಯ ಮರದ ಹಲ್ಲುಗಳಿಗೆ ಅಂಟಿಕೊಂಡಿತು.

"ನೋಡಿದೆಯಾ ಸೊಕ್ಕು!" ಎಂದಳು ಅವಳು ಅಸೆನ್‌ಗೆ.

"ಮೊನ್ನೆ ತನಕ ಬಾಲ. ಇವತ್ತು ತಲೆ. ತಿರುಗದೆ ಇರುತ್ತಾ?" ಎಂದ ಅಸೆನ್, ಸೊಂಟದ ಪಟ್ಟಿಯೊಳಗೆ ಬೆರಳು ತೂರಿಸಿ ಏನನ್ನೋ ಸರಿಮಾಡಿಕೊಳ್ಳುತ್ತ.

ಡೋಲು ಹೊಡೆಯಿತು. ಬ್ರೆಸ್ತಾಕ್ ಮೇಳ ಚೌಕಕ್ಕೆ ಇಳಿಯಿತು.

ಮೊದಲ ನಾಲ್ಕು ಹೆಜ್ಜೆ ವೆಲಿಚ್ಕೊ ಎಂದಿನ ಆಲೂಗಡ್ಡೆ ಮೂಟೆಯೇ. ಆದರೆ ಐದನೆಯದಕ್ಕೆ ಚರ್ಮದ ಅಡಿ ಮೈ ಬಿಸಿಯಾಯಿತು, ಮತ್ತು ಹುಳಗಳು ಎದ್ದವು. ಮೈಯ ಅಷ್ಟೂ ಬಿಲಗಳಲ್ಲಿ ಒಟ್ಟಿಗೇ ಬೆಂಕಿ ಹೊತ್ತಿದಂತಾಯಿತು. ಕೆರೆಯಲು ಕೈ ಬಿಡುವಿಲ್ಲ, ಒಂದರಲ್ಲಿ ಮರದ ಕತ್ತಿ, ಇನ್ನೊಂದರಲ್ಲಿ ಬಾವುಟ. ಉಳಿದದ್ದು ಒಂದೇ ದಾರಿ: ಮೇಲಕ್ಕೆ. ಅವನು ನೆಗೆದ. ನೆಗೆದಾಗ ಗಂಟೆಗಳು ಸೊಂಟಕ್ಕೆ ಉಜ್ಜಿದವು. ಆಹಾ! ಮತ್ತೆ ನೆಗೆದ. ಒರಟು ಕೂದಲು ಬೆನ್ನನ್ನು ತೀಡಿತು. ಇನ್ನೂ ಎತ್ತರಕ್ಕೆ ನೆಗೆದು, ಗಾಳಿಯಲ್ಲೇ ಸೊಂಟ ತಿರುಗಿಸಿ, ನೆಲಕ್ಕೆ ಬಿದ್ದು, ಗಾಣದ ಎತ್ತು ಹಗ್ಗ ಹರಿದುಕೊಂಡಂತೆ ಚೌಕವನ್ನೆಲ್ಲ ಸುತ್ತಿದ. ಮುಖವಾಡದೊಳಗೆ ಅವನ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಅರ್ಧ ನೋವಿಗೆ, ಅರ್ಧ ಸುಖಕ್ಕೆ. ಹಿಂದೆ ಇಡೀ ಮೇಳ, ಅವನಿಗೆ ಆಶ್ಚರ್ಯವಾಗುವಂತೆ, ಅವನಷ್ಟೇ ಎತ್ತರಕ್ಕೆ ನೆಗೆಯುತ್ತಿತ್ತು.

ಪಟ್ಟಣದಿಂದ ಬಂದ ತೀರ್ಪುಗಾರರು ಕುರ್ಚಿ ಬಿಟ್ಟು ಎದ್ದರು. ಅವರಲ್ಲಿ ಮುಖ್ಯಸ್ಥ, ತೆಳ್ಳನೆ ಗಡ್ಡದವನು, ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಬೇರೆ ಮೇಳಗಳು ಕುಣಿದದ್ದನ್ನು ಆಮೇಲೆ ಯಾರೂ ಸರಿಯಾಗಿ ನೋಡಲೇ ಇಲ್ಲ. ಮೊದಲ ಬಹುಮಾನ ಬ್ರೆಸ್ತಾಕ್‌ಗೆ.

ತಾಮ್ರದ ಗಂಟೆ ಬಿಸಿಲಿಗೆ ಹೊಳೆಯುತ್ತ ಮೇಜಿನ ಮೇಲಿತ್ತು. ಇನ್ನುಳಿದದ್ದು ಒಂದು ಶಾಸ್ತ್ರ ಮಾತ್ರ. ಗೆದ್ದ ಮುಂದಾಳು ಮುಖವಾಡ ತೆಗೆದು ಮೇಯರನ ಕೈ ಹಿಡಿಯಬೇಕು, ಮೇಯರ್ ಇನ್ನೊಬ್ಬರ ಕೈ, ಅವರು ಮತ್ತೊಬ್ಬರದು. ಹಾಗೆ ಊರೆಲ್ಲ ಒಂದೇ ಸರಪಳಿಯಾಗಿ ಒಂದು ಸುತ್ತು ಕುಣಿದ ಮೇಲೆ ಗಂಟೆ ಕಟ್ಟುವುದು. ಈ ಸರಪಳಿ ಕುಣಿತ ಆಗದೆ ಗಂಟೆಯಿಲ್ಲ.

ಮೇಯರ್ ಕೈ ಚಾಚಿದ. ವೆಲಿಚ್ಕೊ ಆ ಕೈಯನ್ನು ನೋಡಿದ. ಮೆತ್ತಗೆ, ಗುಲಾಬಿ ಬಣ್ಣದ, ಯಾವ ತಪ್ಪೂ ಮಾಡದ ಕೈ.

"ಹಿಡಿಯಯ್ಯಾ, ಜನ ಕಾಯ್ತಿದಾರೆ," ಎಂದ ಮೇಯರ್ ಹಲ್ಲು ಕಚ್ಚಿ ನಗುತ್ತ.

"ಆಗಲ್ಲ ಮೇಯರೇ."

"ಏನು ಆಗಲ್ಲ? ನನ್ನ ಕೈಗೇನು ಮುಳ್ಳು ಬಂದಿದೆಯಾ?"

"ಹಿಡಿಯೋ!" ಎಂದು ದೋನ್ಕಾ ಜನರ ನಡುವಿನಿಂದ ಕೂಗಿದಳು. "ಮಾನ ತೆಗೀಬೇಡ!"

"ಹಿಡಿಯಲ್ಲ ಅಂತಾನೆ, ದೊಡ್ಡ ಮನುಷ್ಯ," ಎಂದಳು ಗಿನಾ ಚಿಕ್ಕಮ್ಮ.

ಹಿಡಿದುಬಿಟ್ಟರೆ ಗಂಟೆ ಅವನದು. ಒಂದೇ ಸುತ್ತು. ಯಾರಿಗೆ ಗೊತ್ತಾಗುತ್ತದೆ? ವೆಲಿಚ್ಕೊನ ಕೈ ಕೂದಲೊಳಗಿನಿಂದ ಮೆಲ್ಲನೆ ಹೊರಗೆ ಬಂತು. ಅಷ್ಟರಲ್ಲಿ ಸಾಲಿನಲ್ಲಿ ಗಿನಾ ಚಿಕ್ಕಮ್ಮ ಕಂಕುಳಲ್ಲಿ ಎತ್ತಿಕೊಂಡಿದ್ದ ಮೊಮ್ಮಗು ಕಾಣಿಸಿತು. ಅದು ತನ್ನ ಪುಟ್ಟ ಕೈಯನ್ನೂ ಕುಣಿತಕ್ಕೆಂದು ಮುಂದೆ ಚಾಚಿತ್ತು. ವೆಲಿಚ್ಕೊನ ಕೈ ನಿಂತಿತು.

"ನನಗೆ ಕಜ್ಜಿ ಆಗಿದೆ," ಎಂದ.

ಮೆಲ್ಲಗೇ ಹೇಳಿದ್ದ. ಆದರೆ ಬಹುಮಾನಕ್ಕೆಂದು ಮೇಜಿನ ಮೇಲೆ ಇಟ್ಟಿದ್ದ ಮೈಕು ಹತ್ತಿರವೇ ಇತ್ತು. ಆ ಮಾತು ಚರ್ಚಿನ ಗೋಡೆಗೆ ಬಡಿದು ಇನ್ನೊಮ್ಮೆ ಊರಿಗೆ ಕೇಳಿಸಿತು.

ಚೌಕ ಮೌನವಾಯಿತು. ಡೋಲು ನಿಂತಿತು, ಮಕ್ಕಳು ಸುಮ್ಮನಾದವು, ಪಾರಿವಾಳಗಳೂ ಕತ್ತು ತಿರುಗಿಸಿ ನೋಡಿದವು. ಅಂಥ ಮೌನ ಬ್ರೆಸ್ತಾಕ್‌ನಲ್ಲಿ ಹಿಂದೆಂದೂ ಬಿದ್ದಿರಲಿಲ್ಲ. ಅದರೊಳಗೆ ವೆಲಿಚ್ಕೊ ಒಬ್ಬನೇ ನಿಂತಿದ್ದ, ಬತ್ತಿದ ಬಾವಿಯ ತಳದಲ್ಲಿ ನಿಂತವನಂತೆ.

ಆಗ ಅವನ ಹಿಂದೆ ಎಲ್ಲೋ ಒಂದು ಗಂಟೆ, ಬಹಳ ಸಣ್ಣಗೆ, 'ಟಿಣ್' ಎಂದಿತು.

ಯಾರೂ ಅಲುಗಾಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಸಾಲಿನ ಇನ್ನೊಂದು ತುದಿಯಲ್ಲಿ 'ಟಿಣ್ ಟಿಣ್'. ಆಮೇಲೆ ನಡುವೆ. ಮುಖವಾಡ ತೊಟ್ಟು ಕಂಬಗಳಂತೆ ನಿಂತಿದ್ದ ಇಡೀ ಮೇಳದಲ್ಲಿ ಒಬ್ಬರಾದ ಮೇಲೊಬ್ಬರ ಗಂಟೆ ಉಲಿಯತೊಡಗಿತು. ಚರ್ಮದೊಳಗೆ, ಯಾರಿಗೂ ಕಾಣದಂತೆ, ಎಲ್ಲರೂ ಕೆರೆದುಕೊಳ್ಳುತ್ತಿದ್ದರು. ಮಾತು ಕಿವಿಗೆ ಬಿದ್ದ ಮೇಲೆ ತಡೆಯುವುದು ಅವರ ಕೈಯಲ್ಲಿರಲಿಲ್ಲ.

ಡಾಕ್ಟರ್ ರಾಲಿತ್ಸಾ ಕೈಗೆ ರಬ್ಬರ್ ಗವಸು ಏರಿಸಿಕೊಳ್ಳುತ್ತ ಬಂದರು. "ಮುಖವಾಡ ತೆಗೀರಿ ಎಲ್ಲರೂ. ಕೈ ಮುಂದೆ ಚಾಚಿ."

"ನಂದು ನರದ್ದು ಡಾಕ್ಟ್ರೇ," ಎಂದ ಅಸೆನ್ ಕಿವಿ ಕೆಂಪಗೆ ಮಾಡಿಕೊಂಡು.

"ನಾನು ಕೆಟ್ಟ ಮೀನು ತಿಂದಿದ್ದೆ," ಎಂದ ಇನ್ನೊಬ್ಬ.

"ನನಗೆ ಉಣ್ಣೆ ಆಗಲ್ಲ."

ಭೂತಗನ್ನಡಿ ಬೆರಳಿನಿಂದ ಬೆರಳಿಗೆ ಹೋಯಿತು. ನರವೂ ಕಜ್ಜಿ, ಮೀನೂ ಕಜ್ಜಿ, ಉಣ್ಣೆಯೂ ಕಜ್ಜಿ. ಜನರ ನಡುವೆ ದೋನ್ಕಾ ಸೋಪಿನ ಪುಡಿಯ ಕೈಗಳನ್ನು ಮೆಲ್ಲನೆ ಏಪ್ರನ್ ಕೆಳಗೆ ಅಡಗಿಸಿದಳು.

"ಇಷ್ಟು ಜನಕ್ಕೂ ಒಂದೇ ಕಡೆಯಿಂದ ಬಂದಿದೆ," ಎಂದರು ಡಾಕ್ಟರ್. "ನಿಮಗೆಲ್ಲ ಈ ವೇಷ ಕಟ್ಟಿದ್ದು ಯಾರು?"

ಯಾರೂ ಹೆಸರು ಹೇಳಲಿಲ್ಲ. ಆದರೆ ಎಲ್ಲರ ಕಣ್ಣೂ ಬೆಂಚಿನ ಮೇಲೆ ಕೋಲೂರಿ ಕುಳಿತಿದ್ದ ಕೊಲ್ಯೊ ತಾತನ ಕಡೆ ತಿರುಗಿತು. ಡಾಕ್ಟರ್ ಅವನ ತೊಗಟೆಯಂಥ ಅಂಗೈಯನ್ನು ಬಹಳ ಹೊತ್ತು ನೋಡಿದರು.

"ತಾತ, ಇದು ಸೋರಿಯಾಸಿಸ್ ಅಲ್ಲ. ಇದೂ ಕಜ್ಜಿಯೇ, ಪದರ ಕಟ್ಟಿದ ಕಜ್ಜಿ. ಬೇರೆಯವರ ಮೈಯಲ್ಲಿ ಬೆರಳೆಣಿಕೆಯಷ್ಟು ಹುಳ ಇದ್ರೆ ನಿಮ್ಮಲ್ಲಿ ಒಂದು ರಾಜಧಾನಿನೇ ಇದೆ. ಇಂಥದ್ದರಲ್ಲಿ ಕೆಲವರಿಗೆ ತುರಿಕೇನೂ ಇರಲ್ಲ."

"ಮೂರು ಜನ ಪ್ರೊಫೆಸರು ನೋಡಿದಾರಮ್ಮಾ!"

"ಮುಟ್ಟಿ ನೋಡಿದ್ರಾ?"

ತಾತ ಯೋಚಿಸಿದ. "ಇಲ್ಲ. ಮೇಜಿನ ಆಚೆಯಿಂದ ನೋಡಿದ್ರು. ದೊಡ್ಡವರಲ್ವಾ?" ಆಮೇಲೆ ದನಿ ತಗ್ಗಿಸಿ ಕೇಳಿದ: "ವಾಸಿ ಆಗುತ್ತಾ?"

"ಆಗುತ್ತೆ. ಮಾತ್ರೆ, ಕ್ರೀಮು, ಸ್ವಲ್ಪ ದಿನ ಆಸ್ಪತ್ರೆಯಲ್ಲಿ ಇರಬೇಕು."

"ಹಿಮ್ಮಡಿ?"

"ಹಿಮ್ಮಡಿಯೂ."

ಕೊಲ್ಯೊ ತಾತ ನಿಧಾನವಾಗಿ ನೆಟ್ಟಗಾದ. ಹತ್ತು ವರ್ಷ ಚಿಕ್ಕವನಾಗಿ ಕಂಡ. "ಹಾಗಾದ್ರೆ ಮುಂದಿನ ವರ್ಷ ನಾನೇ ಕುಣೀತೀನಿ!"

ಗುಂಪಿನಲ್ಲಿ ಸಂತೋಷದ ಗುಜುಗುಜು ಎದ್ದಿತು. ಮೇಯರ್ ಡಾಕ್ಟರ ಪಕ್ಕಕ್ಕೆ ಸರಿದು, ಪಿಸುದನಿಯಲ್ಲಿ, "ಮುಂದಿನ ಭಾನುವಾರ ಪಟ್ಟಣದಲ್ಲಿ ದೊಡ್ಡ ಸ್ಪರ್ಧೆ ಇದೆ, ಡಾಕ್ಟ್ರೇ. ಈ ಚಿಕಿತ್ಸೆನ ಅದು ಮುಗಿದ ಮಾರನೇ ದಿನ, ಸೋಮವಾರದಿಂದ ಶುರು ಮಾಡಬಹುದಾ?" ಎಂದು ಕೇಳಿ, ಅವರ ನೋಟ ಕಂಡು ಮತ್ತೆ ಸ್ವಸ್ಥಾನಕ್ಕೆ ಬಂದ.

ಮುಖ್ಯ ತೀರ್ಪುಗಾರ ಗಡ್ಡ ಸವರುತ್ತ ವೆಲಿಚ್ಕೊನ ಮುಂದೆ ನಿಂತ, ಕೈಗೆ ಸಿಗದಷ್ಟು ದೂರದಲ್ಲಿ. "ಒಂದು ಮಾತು ನಿಜ ಹೇಳಪ್ಪಾ. ಈ ನವೆ ಇಲ್ದೆ ಇದ್ದಿದ್ರೆ ನೀನು ಹಾಗೆ ನೆಗೀತಿದ್ದೆಯಾ?"

ವೆಲಿಚ್ಕೊ ಅದೇ ತಾನೇ ಒಂದು ನಿಜ ಹೇಳಿದ್ದ. ಬಾಯಿಗೆ ಇನ್ನೂ ಅದರ ರೂಢಿ ಬಿಟ್ಟಿರಲಿಲ್ಲ.

"ಇಲ್ಲ," ಎಂದ.

ತೀರ್ಪುಗಾರರು ತಲೆಗೆ ತಲೆ ಕೊಟ್ಟು ಚರ್ಚಿಸಿದರು. ಬಳಿಕ ಮುಖ್ಯಸ್ಥ ಮೈಕು ಹಿಡಿದ. ಗಂಟೆ ಸಲ್ಲಬೇಕಾದ್ದು ಮೇಳವನ್ನು ಮೇಲಕ್ಕೆ ನೆಗೆಸಿದವನಿಗೆ. ಬ್ರೆಸ್ತಾಕ್ ಮೇಳ ಇಂದು ನೆಗೆದದ್ದು ಯಾರಿಂದ ಎಂಬುದು ವೈದ್ಯರ ಪರೀಕ್ಷೆಯಿಂದ ಎಲ್ಲರಿಗೂ ಸ್ಪಷ್ಟವಾಗಿದೆ. ಆದ್ದರಿಂದ ಗಂಟೆ ಗೌರವಾನ್ವಿತ ಕೊಲ್ಯೊ ಅವರಿಗೆ. ಕೈ ಹಿಡಿಯುವ ಸರಪಳಿ ಕುಣಿತ, ವೈದ್ಯರ ಸಲಹೆಯ ಮೇರೆಗೆ, ಈ ಸಲಕ್ಕೆ ಮಾಫಿ.

ಚೌಕ ಚಪ್ಪಾಳೆಯಿಂದ ಅದುರಿತು. ಗವಸು ತೊಟ್ಟವರು ಡಾಕ್ಟರ್ ಒಬ್ಬರೇ ಆದ್ದರಿಂದ ಗಂಟೆಯನ್ನು ತಾತನ ಸೊಂಟಕ್ಕೆ ಅವರೇ ಕಟ್ಟಿದರು. ತಾತ ಕಣ್ಣೊರೆಸಿಕೊಂಡು, "ಬಾಲ, ಬೇಜಾರು ಮಾಡ್ಕೋಬೇಡ ಕಣೋ. ನಿನ್ನ ಜಾಗ ಎಲ್ಲಿಗೂ ಹೋಗಿಲ್ಲ. ಸಾಲಿನ ಕೊನೆಯಲ್ಲಿ ಹಾಗೇ ಇದೆ," ಎಂದ.

ಅಂದು ಸಂಜೆ ಬ್ರೆಸ್ತಾಕ್ ಊರೆಲ್ಲ ಕತ್ತಿನಿಂದ ಅಂಗಾಲಿನ ತನಕ ಕ್ರೀಮು ಹಚ್ಚಿಕೊಂಡಿತು. ಹಿತ್ತಲುಗಳಲ್ಲಿ ಹಂಡೆಗಳು ಕುದಿದವು. ಹುಟ್ಟಿದಂದಿನಿಂದ ನೀರು ಕಾಣದ ವೇಷಗಳು, ಹುಳ ಸಾಯಲೆಂದು ಬಾಯಿ ಬಿಗಿದ ಚೀಲಗಳಲ್ಲಿ ಉಸಿರುಕಟ್ಟಿ ಕುಳಿತವು. ದೋನ್ಕಾ ಗಂಡನ ಬೆನ್ನಿಗೆ ಹಚ್ಚುತ್ತ, "ಸುಮ್ನೆ 'ನವೆ' ಅಂದಿದ್ರೆ ಸಾಕಾಗ್ತಿರಲಿಲ್ವಾ? 'ಕಜ್ಜಿ' ಅಂತ ಮೈಕಲ್ಲಿ ಕೂಗಬೇಕಿತ್ತಾ?" ಎಂದು ಗೊಣಗಿದಳು.

ಮುಂದಿನ ವರ್ಷ ಕೊಲ್ಯೊ ತಾತ ಪೀಚ್ ಹಣ್ಣಿನಂಥ ಕೈಗಳಿಂದ ಬಾವುಟ ಹಿಡಿದು, ತಾಮ್ರದ ಗಂಟೆ ಬಾರಿಸುತ್ತ ಸಾಲಿನ ಮುಂದೆ ಕುಣಿದ. ಕಟ್ಟಕಡೆಯಲ್ಲಿ ಆಲೂಗಡ್ಡೆ ಮೂಟೆ ಇಳಿಯುತ್ತಿತ್ತು. ಮೇಳಕ್ಕೆ ಯಾವ ಬಹುಮಾನವೂ ಬರಲಿಲ್ಲ. ಮೇಯರ್ ಮಾತ್ರ ಹಳೆಯ ದಿನಗಳನ್ನು ನೆನೆದು ನಿಟ್ಟುಸಿರಿಟ್ಟ.

ಊರೆಲ್ಲ ಕೆರೆದುಕೊಂಡದ್ದು ತಾತನಿಂದ ಎಂಬುದು ಜನರಿಗೆ ಆಗಲೇ ಮರೆತುಹೋಗಿದೆ. ಗಂಟೆ ಕಟ್ಟಿಸಿಕೊಂಡವನ ಬಗ್ಗೆ ಅಂಥದ್ದನ್ನು ನೆನಪಿಟ್ಟುಕೊಳ್ಳುವುದು ಸಭ್ಯತೆಯಲ್ಲ. ಆದರೆ ಕಾಯಿಲೆಗೊಂದು ಹೆಸರು ಬೇಕಲ್ಲ. ಅದನ್ನು ಬಾಯಿಬಿಟ್ಟು ಮೊದಲು ಹೇಳಿದವನ ಹೆಸರೇ ಅದಕ್ಕೆ ನಿಂತಿತು. ಈಗ ಬ್ರೆಸ್ತಾಕ್‌ನಲ್ಲಿ ಯಾವ ಮಗು ಬೆರಳ ಸಂದಿ ತುರಿಸಿಕೊಂಡರೂ, "ತೋರ್ಸು ಇಲ್ಲಿ, ವೆಲಿಚ್ಕೊ ಹತ್ತಿಲ್ಲ ತಾನೇ?" ಎಂದು ತಾಯಂದಿರು ಗಾಬರಿಯಾಗುತ್ತಾರೆ.

ಅದಕ್ಕೇ ಅವನು ಮೀಟರ್ ನೋಡಲು ಬಾಗಿಲು ತಟ್ಟಿದಾಗ ಒಳಗಿನಿಂದ "ಯಾರು?" ಎಂದು ಕೇಳಿದರೆ ಹೆಸರು ಹೇಳುವುದಿಲ್ಲ. "ನೀರಿನವನು," ಎನ್ನುತ್ತಾನೆ.